ಎಡಗೈ ಎತ್ತಿದ ಅಟೆಂಡರ್

ಇದನ್ನು ಹೇಳಬೇಕೆಂದುಕೊಂಡು ಮುಂದೂಡುತ್ತಲೇ ಬಂದೆ. ಒಮ್ಮೆ ಕನ್ನಡಕ ಸರಿಯಿಲ್ಲ, ಇನ್ನೊಮ್ಮೆ ಪೆನ್ನು ಸರಿಯಿಲ್ಲ. ಸರಿಯಿಲ್ಲದಿದ್ದವನು ನಾನೇ!

ಗೋಣಿಬೀಡಿನ ಕಡೆಯ ಶಾಲೆಯೊಂದರಲ್ಲಿ ನಾನು ಅಟೆಂಡರ್ ಆಗಿದ್ದೆ. ಓದಿದ್ದು ಹೈಸ್ಕೂಲು. ಆದರೆ ಇನ್‌ಸ್ಪೆಕ್ಟರು ಬಂದಾಗ ಶಾಲೆಯ ಮಾನ ಉಳಿಸುವ ವಿದ್ಯೆಯಲ್ಲಿ ಪಂಡಿತ. ಉತ್ತರ ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ನೋಡುವವರಿಗೆ ತರಗತಿಯೆಲ್ಲ ಜಾಣರೇ!

ನಮ್ಮ ವಿಜ್ಞಾನದ ಟೀಚರ್, ಸ್ಮಾರ್ಟ್ ಬೋರ್ಡಿನಲ್ಲಿ ಕಲಿಸುವುದನ್ನು ಕಲಿಯಲು ಸ್ನಾತಕೋತ್ತರ ಡಿಪ್ಲೊಮಾಗೆ ಸೇರಿದ್ದರು. ಮನೆಯಲ್ಲಿ ನೆಟ್‌ವರ್ಕ್ ಸಿಗದೆ, ಸಂಜೆ ತಂದೆಯ ಗ್ಯಾರೇಜಿನ ಎದುರು ನಿಂತೇ ಫೋನಿನಲ್ಲಿ ಪಾಠ ಕೇಳುತ್ತಿದ್ದರು. ಕೊನೆಗೆ ತಮ್ಮ ತರಗತಿಯ ವಿಡಿಯೊ ಕಳಿಸಬೇಕಿತ್ತು. ಅದು ಒಪ್ಪಿಗೆಯಾದರೆ ಪಾಸು.

"ಮಂಜಣ್ಣ, ಮಕ್ಕಳು ತಪ್ಪು ಹೇಳ್ಬೇಕು. ಅದನ್ನ ಬೋರ್ಡಲ್ಲಿ ಅವ್ರೇ ತಿದ್ಕೊಳ್ಳೋ ಹಾಗೆ ಮಾಡೋದೇ ನನ್ನ ಪರೀಕ್ಷೆ" ಎಂದರು.

ಪಾಪ, ಸಂಕೋಚದವರು, ಬಾಯಿಬಿಟ್ಟು ಸಹಾಯ ಕೇಳುತ್ತಿಲ್ಲ ಎಂದುಕೊಂಡೆ. ಶುರುವಾಯಿತು ನನ್ನ ಸೇವೆ! ಅವರು ಬೋರ್ಡಿನಲ್ಲಿ ಪ್ರಶ್ನೋತ್ತರ ಸಿದ್ಧಮಾಡುವಾಗ ಕಸ ಗುಡಿಸುತ್ತಾ ಓದಿಕೊಂಡೆ. ಮರುದಿನ ಪ್ರಾರ್ಥನೆಗೆ ಮುಂಚೆಯೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ.

ವಿಡಿಯೊ ಶುರುವಾಯಿತು. "ತಣ್ಣೀರಿನ ಲೋಟದ ಹೊರಗೆ ಹನಿ..." ಎಂದರಷ್ಟೇ ಟೀಚರ್.

"ಗಾಳಿಯಲ್ಲಿರುವ ನೀರಾವಿ ತಣಿದು!" ಇಡೀ ತರಗತಿ ಕೂಗಿತು.

ಟೀಚರ್ ಗಾಬರಿಯಲ್ಲಿ ನಡುವಿನ ಒಂದು ಪ್ರಶ್ನೆ ಬಿಟ್ಟು ಮುಂದಿನದಕ್ಕೆ ಹೋದರು. "ಒದ್ದೆ ಛತ್ರಿ ಒಣಗಿದಾಗ ನೀರು ಎಲ್ಲಿಗೆ ಹೋಯ್ತು?"

"ಕುದುರೆಮುಖಕ್ಕೆ!"

ಅದು ಅವರು ಬಿಟ್ಟ 'ಮಂಜು ನೋಡಲು ಎಲ್ಲಿಗೆ ಹೋಗಬೇಕು?' ಎಂಬ ಪ್ರಶ್ನೆಯ ಉತ್ತರ! ನನ್ನಿಂದ ತಡೆಯಲಾಗಲಿಲ್ಲ. ಕಿಟಕಿಯಿಂದಲೇ ಕೂಗಿದೆ: "ಗೊತ್ತಿಲ್ದಿದ್ರೆ ಎಡಗೈ ಎತ್ರೋ ಮಾರಾಯ್ರಾ!"

ಅದೂ ರೆಕಾರ್ಡ್ ಆಯಿತು. ಮತ್ತೆ ತೆಗೆಯೋಣವೆಂದರೆ ಉತ್ತರವೆಲ್ಲ ಮಕ್ಕಳಿಗೆ ಬಾಯಿಪಾಠ, ಕಳಿಸಲು ಅಂದೇ ಕೊನೆಯ ದಿನ.

ಮೊದಲೇ ಹೇಳಿಕೊಟ್ಟ ಪಾಠವೆಂದು ಡಿಪ್ಲೊಮಾದವರು ಟೀಚರನ್ನು ಫೇಲ್ ಮಾಡಿದರು. "ವಿಡಿಯೊದಲ್ಲಿ ಯಾರೋ ಹೇಳ್ಕೊಟ್ಟಿದ್ದಾರಂತೆ, ಯಾರದು?" ಎಂದು ಹೆಡ್‌ಮಾಸ್ಟರು ಕೇಳಿದಾಗ ನಾನು ಚಹಾ ಹಿಡಿದು ಅಲ್ಲೇ ನಿಂತಿದ್ದೆ. ಟೀಚರ್ ಒಮ್ಮೆ ನನ್ನತ್ತ ನೋಡಿ, "ಗೊತ್ತಾಗ್ಲಿಲ್ಲ ಸರ್" ಎಂದರು.

ಚಹಾ ಕೊಟ್ಟು ಹೊರಬಂದೆ.

"ಊರ ಮಕ್ಕಳಿಗೆಲ್ಲ ಉತ್ತರ ಹೇಳ್ಕೊಟ್ರಿ. ತಪ್ಪಾಯ್ತು ಅನ್ನೋದನ್ನ ನಿಮ್ಗೆ ಯಾರು ಹೇಳ್ಕೊಡ್ಬೇಕು?" ಎಂದಳು ನನ್ನ ಹೆಂಡತಿ.

ಟೀಚರಿಗೆ ಕಳಸದ ಕಡೆ ವರ್ಗವಾಯಿತು. ಬ್ಯಾಗು ಹೊತ್ತು ಬಸ್ಸಿನವರೆಗೆ ಹೋದೆ. ಕ್ಷಮೆ ಕೇಳಲೆಂದೇ ಬಾಯಿ ತೆರೆದೆ.

"ಛತ್ರಿ ಮರೀಬೇಡಿ" ಎಂದೆ.

ಬಸ್ಸು ಹೊರಟಿತು. ಅವರು ಕೈಬೀಸಿದರು. ನಾನೂ ಎತ್ತಿದೆ. ನೋಡಿದರೆ, ಎಡಗೈ!

ಅವರ ಹೆಸರು ನಸೀಮಾ.