ಬಾವಿನೀರಿನ ಮಾದರಿಗೆ ಬೆಲ್ಲ ಬೆರೆಸಕೂಡದೆಂಬ ಬಗ್ಗೆ

ಸಂಖ್ಯೆ: ಬಾ.ನೀ. 41/1955–56
ಬಾವಿನೀರಿನ ಇಲಾಖೆ, ಮೈಸೂರು

ವಿಷಯ: ಪರದೇಶದ ವಿದ್ಯಾರ್ಥಿನಿಗೆ ನೀರು ಕೇಳಿದಾಗ ನೀರನ್ನೇ ಕೊಡುವ ಕುರಿತು.

ಖಾಲಿ ಸೀಸೆಯೊಂದಕ್ಕೆ ಎರಡಾಣೆ. ಅದರಲ್ಲಿ ತುಂಬಿ ಬಂದ ಪಾನಕಕ್ಕೆ ಮೂರಾಣೆ, ಏಲಕ್ಕಿ ಬೇರೆ.

ಹಾಲೆಂಡಿನಿಂದ ಬಂದು ಇಲ್ಲಿ ವಿಜ್ಞಾನ ಓದುತ್ತಿರುವ ಕುಮಾರಿ ಮಾರ್ಗ್ರೀತ್ ಎಂಬುವರು ಬಾವಿನೀರಿನ ಉಪ್ಪಿನಂಶ ಪರೀಕ್ಷಿಸಲು ಕಳೆದ ವಾರ ಕೃಷ್ಣಮೂರ್ತಿಪುರಂನಲ್ಲಿ ಮನೆಮನೆಗೆ ಹೋಗಿದ್ದರು. ಶನಿವಾರ ಸಂಜೆಯೊಳಗೆ ವರದಿ ಒಪ್ಪಿಸದಿದ್ದಲ್ಲಿ ಅವರ ಒಂದು ವರ್ಷದ ಓದು ಲೆಕ್ಕಕ್ಕೆ ಬಾರದೆ ಹೋಗುತ್ತಿತ್ತು. ಹೀಗಿದ್ದೂ ನಿವಾಸಿಗಳು ಸೀಸೆಗಳಲ್ಲಿ ಪಾನಕ, ಮಜ್ಜಿಗೆ ಮತ್ತು ಕಾಫಿ ತುಂಬಿಸಿ ಕಳುಹಿಸಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಮುಂದಿನ ವಾರ ಇದೇ ಕೆಲಸಕ್ಕೆ ಇನ್ನಿಬ್ಬರು ಬರಲಿರುವುದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ನೀರು ಎಂದರೆ ಬಾವಿಯಿಂದ ಸೇದಿದ್ದು. ಸೇದಿದ ಮೇಲೆ ಅದಕ್ಕೆ ಏನನ್ನೂ ಹಾಕತಕ್ಕದ್ದಲ್ಲ.

2. ವಿಚಾರಣೆಯಲ್ಲಿ ಶ್ರೀಮತಿ ಬೆಟ್ಟಮ್ಮನವರು "ಮನೆ ಬಾಗ್ಲಿಗೆ ಬಂದ ಹೆಣ್ಮಗೀಗೆ ಬರೀ ನೀರ್ ಕೊಟ್ಟು ಕಳ್ಸೋಕೆ ನಾವೇನ್ರೀ ಅವಳ ಶತ್ರುಗಳಾ? ನಿಮ್ಮನೇಲಿ ಅಂಗೇ ಮಾಡ್ತೀರಾ?" ಎಂದು ಹೇಳಿಕೆ ನೀಡಿರುತ್ತಾರೆ. ಹೇಳಿಕೆಯನ್ನು ಕಡತಕ್ಕೆ ಸೇರಿಸಲಾಗಿದೆ. ಆದರೂ ಒಂದನೇ ಕಲಮು ಜಾರಿಯಲ್ಲಿರುತ್ತದೆ.

3. ಬರೀ ನೀರು ಕೊಡಲು ಮನಸ್ಸೊಪ್ಪದವರು ಕೊಡುವಾಗ ಮುಖ ಆ ಕಡೆ ತಿರುಗಿಸಿಕೊಳ್ಳಲು ಅನುಮತಿಸಲಾಗಿದೆ.

4. ಪಕ್ಕದ ಮನೆಯವರು ಏಲಕ್ಕಿ ಹಾಕಿದರೆಂದು ತಾವು ಕೇಸರಿ ಹಾಕುವುದನ್ನು ನಿಷೇಧಿಸಲಾಗಿದೆ.

5. ಶ್ರೀಮತಿ ಆರೋಗ್ಯಮ್ಮನವರು, ಹುಡುಗಿಗೆ ಹೊಟ್ಟೆ ಕೆಟ್ಟೀತೆಂದು ನೀರನ್ನು ಕಾಯಿಸಿ, ಜೀರಿಗೆ ಹಾಕಿ, ಸೋಸಿ ಕೊಟ್ಟಿರುತ್ತಾರೆ. ಅವರ ಒಳ್ಳೆಯತನವನ್ನು ದಾಖಲಿಸಿಕೊಂಡು ಸೀಸೆಯನ್ನು ತಿರಸ್ಕರಿಸಲಾಗಿದೆ.

6. ಬೇಡವೆಂದರೆ ನೊಂದುಕೊಳ್ಳುತ್ತಾರೆಂದು ವಿದ್ಯಾರ್ಥಿನಿಯು ಕೆಲವು ಮಾದರಿಗಳನ್ನು ಅಲ್ಲಲ್ಲೇ ಕುಡಿದು ಮುಗಿಸಿರುತ್ತಾರೆ. ಕುಡಿಯುವುದನ್ನು ಪರೀಕ್ಷೆಯೆಂದು ಪರಿಗಣಿಸಲಾಗದು.

7. ಉಪಚಾರ ಮಾಡಲೇಬೇಕೆನ್ನುವವರು ಸೀಸೆಗೆ ಬಿರಡೆ ಹಾಕಿದ ನಂತರ ಮಾಡತಕ್ಕದ್ದು. ಉಪ್ಪಿಟ್ಟು ಸೀಸೆಯ ಬಾಯಲ್ಲಿ ಹಿಡಿಸುವುದಿಲ್ಲವಾದ ಕಾರಣ ಅದಕ್ಕೆ ನಿರ್ಬಂಧವಿಲ್ಲ.

8. ಶನಿವಾರ ಸದರಿ ವಿದ್ಯಾರ್ಥಿನಿಯು ದೂರು ಕೊಡಲು ಈ ಕಚೇರಿಗೇ ಬಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತಿದ್ದರು. ಏನು ಬೇಕೆಂದು ಯಾರೂ ಕೇಳಲಿಲ್ಲವಾಗಿ, ಹಿತ್ತಲಿನ ಬಾವಿಯಿಂದ ತಾವೇ ಸೇದಿ ಸೀಸೆ ತುಂಬಿಕೊಂಡರು. ಇಡೀ ವಾರದಲ್ಲಿ ದೊರೆತ ನಿಜವಾದ ನೀರು ಇದೊಂದೇ. ಇದರ ಮೇಲೆ ಬರೆದ ವರದಿಯನ್ನು ಕಾಲೇಜಿನವರು ಅಂಗೀಕರಿಸಿರುತ್ತಾರೆ.

ವಿದ್ಯಾರ್ಥಿನಿಯ ವರ್ಷ ಉಳಿಯಿತು. ಹೋದದ್ದು ಈ ಇಲಾಖೆಯ ಮರ್ಯಾದೆ.

(ಸಹಿ) ಚನ್ನಬಸವಯ್ಯ
ಮೇಲ್ವಿಚಾರಕರು

ಪ್ರತಿಗಳು:
1. ಶ್ರೀಮತಿ ಬೆಟ್ಟಮ್ಮನವರಿಗೆ. ತಲುಪಿಸಲು ಹೋದ ಜವಾನರು ಕಾಫಿ ಕುಡಿದು ಬರತಕ್ಕದ್ದಲ್ಲ.
2. ಹಾಲಿನ ನಂಜಯ್ಯನವರಿಗೆ, ಮುಂದಿನ ವಾರ ಹೆಚ್ಚುವರಿ ಹಾಲು ಕೊಡದಿರಲು.
3. ಕಚೇರಿಯ ಸಿಬ್ಬಂದಿಗೆ, ಬೆಂಚಿನ ಮೇಲೆ ಕುಳಿತವರ ಕಡೆ ಆಗಾಗ್ಗೆ ನೋಡಲು.
4. ಕಡತಕ್ಕೆ.