ಗೊಂಬೆಗಳ ಸಾಲಿನಲ್ಲಿ ಒಂದು ಗೂಬೆ

ಹಲಗೆಯ ಮೂಲೆಯಲ್ಲಿದ್ದ ಗೂಬೆ ಒಂದು ಕಣ್ಣು ಬಿಟ್ಟು ಮೈಕಣ್ಣನನ್ನು ನೋಡಿತು. ನೋಡಿದ್ದು ಸಾಕೆನ್ನಿಸಿದಂತೆ ಮತ್ತೆ ಮುಚ್ಚಿಕೊಂಡಿತು.

ಮೈಕಣ್ಣನ ಕೈಯಲ್ಲಿ ಧೂಳು ಒರೆಸುವ ಕುಂಚವಿತ್ತು. ಮೇಳ ಇನ್ನೂ ಪೂರ್ತಿ ಎದ್ದಿರಲಿಲ್ಲ. ಮಂಜಿನೊಳಗೆ ತೊಟ್ಟಿಲು ಚಕ್ರ ಅರ್ಧ ಮಾತ್ರ ಕಾಣುತ್ತಿತ್ತು. ಉಳಿದರ್ಧವನ್ನು ಯಾರೋ ನೆನಪಿನಿಂದ ಬರೆಯಬೇಕಾಗಿದೆ ಎಂಬಂತೆ. ಪಕ್ಷಿವೀಕ್ಷಕರ ಸಂಘದ ಮಳಿಗೆಯಲ್ಲಿ ಅಧ್ಯಕ್ಷರಾದ ಮೇಷ್ಟ್ರು ಮಾಡಿದ ಮಣ್ಣಿನ ಹಕ್ಕಿಗಳು ಸಾಲಾಗಿ ಕೂತಿದ್ದವು. ಒಂದೊಂದನ್ನೇ ಒರೆಸುತ್ತ ಕೊನೆಯದಕ್ಕೆ ಬಂದಾಗ ಕುಂಚದ ಕೆಳಗೆ ಏನೋ ಮೆತ್ತಗೆ, ಬೆಚ್ಚಗೆ ಅಲುಗಿತ್ತು.

ಬೂದುಬಣ್ಣದ ಪುಟ್ಟ ಗೂಬೆ. ತಲೆಯ ಮೇಲೆ ಕಿವಿಗಳಂತೆ ಎರಡು ಗರಿ. ಈ ಊರಿನ ಸುತ್ತ ಸಂಘದ ಯಾರೂ ಕಂಡಿರದ, ಪುಸ್ತಕದ ಚಿತ್ರದಲ್ಲಷ್ಟೇ ಇದ್ದ ಹಕ್ಕಿ. ಬೆಳಗಾಗುವಾಗ ಕತ್ತಲೆ ಹುಡುಕಿಕೊಂಡು ಮಳಿಗೆಯ ತಡಿಕೆ ಸಂದಿಯಿಂದ ಒಳಗೆ ಬಂದಿರಬೇಕು. ಹಗಲಲ್ಲಿ ಮುರಿದ ಕೊಂಬೆಯ ತುಂಡಿನ ಹಾಗೆ ನಿಶ್ಚಲವಾಗಿ ಕೂರುವುದು ಅದರ ಜಾತಿಯ ವಿದ್ಯೆ.

ಮೈಕಣ್ಣ ಬಾಯಿ ತೆರೆದ. ತಕ್ಷಣ ಎರಡೂ ಕೈಗಳಿಂದ ಮುಚ್ಚಿಕೊಂಡ.

ಕಾರಣವಿತ್ತು. ಅವನ ಕೆಲಸ ಬಸ್ ನಿಲ್ದಾಣದ ಮೈಕಿನ ಮುಂದೆ. ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ವರ್ಷಗಟ್ಟಲೆ ಕೂಗಿ ಕೂಗಿ ಅವನ ಗಂಟಲಿಗೆ ಎರಡೇ ಸ್ಥಿತಿ ಉಳಿದಿದ್ದವು: ಬಂದ್, ಇಲ್ಲವೇ ಪೂರ್ತಿ. ಪಿಸುಮಾತು ಎಂಬುದು ಅದರಲ್ಲಿ ಇರಲೇ ಇಲ್ಲ. ಭಾನುವಾರದ ನಡಿಗೆಯಲ್ಲಿ ಹಕ್ಕಿ ಕಂಡರೆ ಅವನಿಗೇ ತಿಳಿಯದಂತೆ ಹೊರಟುಬಿಡುತ್ತಿತ್ತು: "ದಯವಿಟ್ಟು ಗಮನಿಸಿ! ಬಲಗಡೆಯ ಎರಡನೇ ಮರದಲ್ಲಿ…" ಅವನು ಕೊಂಬೆಯ ವಿವರಕ್ಕೆ ಬರುವ ಹೊತ್ತಿಗೆ ಹಕ್ಕಿ ಪಕ್ಕದ ಊರಿನ ಹಕ್ಕಿಯಾಗಿರುತ್ತಿತ್ತು.

ಸಂಘದ ನಿಯಮ ಕಟ್ಟುನಿಟ್ಟು. ಜೊತೆಗೆ ಇನ್ನೊಬ್ಬ ಸದಸ್ಯ ನೋಡದಿದ್ದರೆ ನೋಡಿದ ಹಕ್ಕಿ ನೋಡಿದ್ದಲ್ಲ. ಮೂರು ವರ್ಷ ಒಂದೂ ಲೆಕ್ಕಕ್ಕೆ ಸಿಗದವನಿಗೆ ನಡಿಗೆಯಿಲ್ಲ; ಕುರ್ಚಿ ಹೊರುವುದು, ಮಳಿಗೆ ಕಾಯುವುದು ಅಷ್ಟೇ. ಮೈಕಣ್ಣನ ಮೂರನೇ ವರ್ಷ ಈ ಸಂಜೆ ಮೇಳದ ಜೊತೆಗೇ ಮುಗಿಯುತ್ತಿತ್ತು. ವಾರವಿಡೀ ಬಾಯಲ್ಲಿ ಬಸ್ಸು ತುಂಬಿಕೊಂಡಿರುವವನಿಗೆ ಭಾನುವಾರದ ಆ ಎರಡು ಗಂಟೆಯ ಮೌನವೇ ಊಟ, ಅದೇ ನಿದ್ದೆ. ಅದನ್ನೂ ಕಳೆದುಕೊಂಡರೆ ಉಳಿಯುವುದು ಮೈಕು ಮಾತ್ರ.

'ಇವತ್ತು ಬಾಯಿ ಬಿಡಲ್ಲ' ಎಂದು ಅವನು ತೀರ್ಮಾನಿಸಿದ. ಮೇಷ್ಟ್ರು ಬರಲಿ, ಬೆರಳು ತೋರಿಸಿದರಾಯಿತು.

"ಏನಣ್ಣಾ, ಬೆಳಬೆಳಗ್ಗೆ ಬಾಯಿ ಮುಚ್ಕೊಂಡು ನಿಂತಿದ್ದೀಯ? ಗಂಟಲು ಹೋಯ್ತಾ?" ಪಕ್ಕದ ಮಳಿಗೆಯಲ್ಲಿ ಕೊಡೆ ಮಾರುವಾಕೆ ಕೇಳಿದಳು. ಅವನು ತಲೆಯಾಡಿಸಿದ. "ಅಯ್ಯೋ, ಅದಕ್ಯಾಕೆ ಹೆದರ್ತೀಯ, ನಾನಿದ್ದೀನಿ" ಎಂದು ಆಕೆ ತನ್ನ ಶಾಲನ್ನು ತಂದು ಅವನ ಕುತ್ತಿಗೆಗೆ ಬ್ಯಾಂಡೇಜಿನಂತೆ ಸುತ್ತಿದಳು. ನಂತರ ಗಿರಾಕಿಯೊಬ್ಬನಿಗೆ ಕೊಡೆ ತೋರಿಸಲು ಫಟ್ ಎಂದು ಬಿಚ್ಚಿದಳು. ಮೈಕಣ್ಣನ ಜೀವ ಬಾಯಿಗೆ ಬಂತು. ಅಲ್ಲಿಯೂ ಬಾಗಿಲು ಹಾಕಿದ್ದರಿಂದ ಒಳಗೇ ಮರಳಿತು. ಗೂಬೆ ಅಲುಗಲಿಲ್ಲ.

ಮೇಷ್ಟ್ರು ಬಂದಾಗ ಒಬ್ಬರೇ ಬರಲಿಲ್ಲ. ಜೊತೆಗೆ ಸಂಘದ ಕಾರ್ಯದರ್ಶಿ, ಹಲ್ಲಿನ ಡಾಕ್ಟರಮ್ಮ. ಅವರಿಬ್ಬರ ನಡುವೆ ಊರಿನ ಗ್ರಂಥಾಲಯದ ಮೇಡಂ. ಮಕ್ಕಳ ಓದುವ ಕೋಣೆಗೆ ಒಂದು ಗೊಂಬೆ ಹಕ್ಕಿ ಬೇಕೆಂದು ಬಂದಿದ್ದರು. ಮೇಡಂ ಸಾಲನ್ನು ನೋಡುತ್ತ ಹೋದ ಹಾಗೆ ಅವರ ಮುಖ ಸಣ್ಣಗಾಗುತ್ತ ಹೋಯಿತು. ಮೇಷ್ಟ್ರ ಮಿಂಚುಳ್ಳಿ ಸುಟ್ಟ ಬದನೆಕಾಯಿಯಂತಿತ್ತು. ಹದ್ದು, ಹದ್ದಿಗೆ ಹೆದರಿದ ಕೋಳಿಯಂತಿತ್ತು.

ಕೊನೆಯಲ್ಲಿ ಮೇಡಂ ನಿಂತುಬಿಟ್ಟರು. "ಅಬ್ಬಾ! ಇದನ್ನ ಯಾರು ಮಾಡಿದ್ದು?"

ಮೇಷ್ಟ್ರು ಗೂಬೆಯನ್ನು ನೋಡಿದರು. ಡಾಕ್ಟರಮ್ಮ ಮಾಡಿ ತಂದಿಟ್ಟಿರಬೇಕು ಎಂದುಕೊಂಡರು. ಡಾಕ್ಟರಮ್ಮನೂ ನೋಡಿದರು. ಮೇಷ್ಟ್ರ ಕೈ ಇಷ್ಟು ಪಳಗಿದ್ದು ಯಾವಾಗ ಎಂದುಕೊಂಡರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನಿಜ ಹೇಳುವುದಕ್ಕೆ ಅಷ್ಟು ಮೌನ ಧಾರಾಳವಾಗಿ ಸಾಕಿತ್ತು.

"ನಾನೇ" ಎಂದರು ಮೇಷ್ಟ್ರು. "ಎರಡು ತಿಂಗಳು ಕೂತು ಮಾಡಿದ್ದು."

"ಬಣ್ಣ ನಂದು" ಎಂದರು ಡಾಕ್ಟರಮ್ಮ, ಅಷ್ಟನ್ನಾದರೂ ಬಿಟ್ಟುಕೊಡಲು ಮನಸ್ಸಾಗದೆ. "ಒಂದೊಂದು ಗರಿಗೂ ಬೇರೆ ಬೇರೆ ಕುಂಚ."

ಇಬ್ಬರೂ ಒಬ್ಬರನ್ನೊಬ್ಬರು ಕಳ್ಳನೋಟದಲ್ಲಿ ನೋಡಿ, ಸಿಕ್ಕಿಬೀಳಲಿಲ್ಲವೆಂದು ಸಮಾಧಾನಪಟ್ಟುಕೊಂಡರು.

ಮೈಕಣ್ಣ ಮುಂದೆ ನುಗ್ಗಿದ. ಗೂಬೆಯತ್ತ ಬೆರಳು ತೋರಿಸಿದ. ಎದೆ ಮುಟ್ಟಿ ಉಸಿರಾಡಿ ತೋರಿಸಿದ. ಒಂದು ಕಣ್ಣು ಮುಚ್ಚಿ ತೆರೆದ. ಎರಡೂ ತೋಳು ಬೀಸಿದ.

"ಏನಾಯ್ತು ಇವರಿಗೆ?" ಎಂದು ಮೇಡಂ ಹಿಂದೆ ಸರಿದರು.

"ಮೆಚ್ಚಿಕೊಂಡಿದ್ದಾನೆ" ಎಂದರು ಮೇಷ್ಟ್ರು ಹೆಮ್ಮೆಯಿಂದ. "ಇನ್ನೇನು ಹಾರೋ ಹಾಗಿದೆ ಅಂತಿದ್ದಾನೆ. ಸಾಕು ಬಿಡಯ್ಯ, ಎಷ್ಟು ಹೊಗಳ್ತೀಯ!"

"ಪಾಪ, ಗಂಟಲು ಕಟ್ಟಿದೆ ಅವರಿಗೆ" ಎಂದು ಕೊಡೆಯಾಕೆ ಆಚೆಯಿಂದ ವರದಿ ಒಪ್ಪಿಸಿದಳು.

ಸಂಜೆ ಬಂದು ಒಯ್ಯುವುದಾಗಿ ಮೇಡಂ ಹೇಳಿದರು. "ಯಾರೂ ಮುಟ್ಟದ ಹಾಗೆ ನೋಡ್ಕೋ" ಎಂದು ಮೇಷ್ಟ್ರು ಮೈಕಣ್ಣನ ಭುಜ ತಟ್ಟಿ, ಭಾಷಣವಿದ್ದ ಚಪ್ಪರದ ಕಡೆ ಡಾಕ್ಟರಮ್ಮನ ಜೊತೆ ನಡೆದರು.

ಮಧ್ಯಾಹ್ನ ಕರಗುತ್ತ ಬಂತು. ದೂರದ ಸಂಗೀತ ಬಿಸಿಲನ್ನು ದಾಟಿ ಬರುವಷ್ಟರಲ್ಲಿ ದಣಿದು, ಗುನುಗಾಗಿ ಬರುತ್ತಿತ್ತು. ಗೊಂಬೆಯ ಬಣ್ಣ ಮಾಸದಿರಲೆಂದು ಕೊಡೆಯಾಕೆ ತನ್ನ ಅತಿ ದೊಡ್ಡ ಕೊಡೆಯನ್ನು ತಂದು ಗೂಬೆಗೆ ನೆರಳು ಮಾಡಿದಳು. ಈ ಸಲ ಮೈಕಣ್ಣನೇ ಅದನ್ನು ಕಡ್ಡಿ ಕಡ್ಡಿಯಾಗಿ, ಮಗುವಿನ ಮುಷ್ಟಿ ಬಿಡಿಸುವ ಹಾಗೆ ಬಿಚ್ಚಿದ. ಕಪ್ಪು ಬಟ್ಟೆಯ ಆ ಸಣ್ಣ ರಾತ್ರಿಯೊಳಗೆ ಅವನೂ ಗೂಬೆಯೂ ಇಬ್ಬರೇ. ಅದರ ಎದೆಯ ಗರಿ ಏಳುತ್ತಿತ್ತು, ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನ ಉಸಿರೂ ಅದೇ ಲಯಕ್ಕೆ ಬಂತು. ನಿಯಮ, ಸಾಕ್ಷಿ, ವರ್ಷ, ಎಲ್ಲ ಬೇರೆ ಯಾವುದೋ ನಿಲ್ದಾಣದಿಂದ ಹೊರಡುವ ಬಸ್ಸುಗಳಂತೆ ಅನ್ನಿಸಿದವು. ಅಷ್ಟು ಹತ್ತಿರದಲ್ಲಿ, ಅಷ್ಟು ಹೊತ್ತು, ಏನನ್ನೂ ಹೇಳದೆ ಅವನು ಜೀವಮಾನದಲ್ಲಿ ಯಾರ ಜೊತೆಗೂ ಕೂತಿರಲಿಲ್ಲ.

ಮಳಿಗೆ ನೋಡಲು ಬಂದ ಮುದುಕರೊಬ್ಬರು ಅವನ ಮೂಗಿನ ಹತ್ತಿರ ಬಗ್ಗಿ, "ಕಾವಲುಗಾರನ ಗೊಂಬೆ ಮಾತ್ರ ಅಷ್ಟು ಚೆನ್ನಾಗಿ ಬಂದಿಲ್ಲ" ಎಂದು ಹೇಳಿ ಹೋದರು.

ದೀಪ ಹೊತ್ತುವ ಹೊತ್ತಿಗೆ ಮೇಷ್ಟ್ರೂ ಡಾಕ್ಟರಮ್ಮನೂ ವಾಪಸು ಬಂದರು. ಮೇಷ್ಟ್ರು ಕೊಡೆ ಸರಿಸಿದರು. ಗೂಬೆ ಎರಡೂ ಕಣ್ಣು ತೆರೆಯಿತು. ಹಳದಿ ದೀಪಗಳಂಥ ಕಣ್ಣು. ತಲೆಯನ್ನು ನಿಧಾನವಾಗಿ ಹಿಂದಿನವರೆಗೂ ತಿರುಗಿಸಿ ಇಡೀ ಸಂಘವನ್ನು ಒಮ್ಮೆ ಪರಿಶೀಲಿಸಿತು. ಪಕ್ಕದ ಮಿಂಚುಳ್ಳಿಯ ಮೇಲೆ ಒಂದಿಷ್ಟು ಹಿಕ್ಕೆ ಹಾಕಿ ತನ್ನ ಅಭಿಪ್ರಾಯ ತಿಳಿಸಿತು. ಆಮೇಲೆ ರೆಕ್ಕೆ ಬಿಚ್ಚಿ, ಮೇಷ್ಟ್ರ ಬೋಳುತಲೆಯ ಮೇಲೆ ಗಾಳಿ ತೀಡಿಕೊಂಡು, ಡಾಕ್ಟರಮ್ಮನ ಕನ್ನಡಕದ ಮುಂದಿನಿಂದಲೇ ಹಾದು, ಗರಿಯ ಸದ್ದೂ ಇಲ್ಲದೆ ಕತ್ತಲೊಳಗೆ ಸೇರಿಹೋಯಿತು.

"ನೋಡಿದ್ರಾಆಆ!" ಮೈಕಣ್ಣನ ಇಡೀ ದಿನದ ಧ್ವನಿ ಒಮ್ಮೆಗೇ ಹೊರಬಂತು. ತೊಟ್ಟಿಲು ಚಕ್ರದ ತುದಿಯಲ್ಲಿದ್ದವರೂ ತಿರುಗಿ ನೋಡಿದರು. "ಮೇಷ್ಟ್ರೇ, ನೋಡಿದ್ರಿ ಅಲ್ವಾ? ಡಾಕ್ಟರಮ್ಮಾ, ನೀವೂ ನೋಡಿದ್ರಿ! ಒಬ್ಬರಲ್ಲ, ಇಬ್ಬರು ಸಾಕ್ಷಿ!"

ಅಷ್ಟರಲ್ಲಿ ಬುಟ್ಟಿ ಹಿಡಿದುಕೊಂಡು ಗ್ರಂಥಾಲಯದ ಮೇಡಂ ಬರುವುದು ಕಾಣಿಸಿತು.

"ನಾನೇನೂ ನೋಡ್ಲಿಲ್ಲಪ್ಪ" ಎಂದರು ಮೇಷ್ಟ್ರು, ಇನ್ನೂ ತಲೆ ಸವರಿಕೊಳ್ಳುತ್ತ. "ನೀವು?"

"ಕಣ್ಣಿಗೆ ಧೂಳು ಬಿತ್ತು ನಂಗೆ" ಎಂದರು ಡಾಕ್ಟರಮ್ಮ.

"ಎಲ್ಲಿ ನನ್ನ ಗೂಬೆ?" ಎಂದರು ಮೇಡಂ.

"ಯಾರೋ ಎತ್ಕೊಂಡು ಹೋಗಿದ್ದಾರೆ ಮೇಡಂ. ಕಾಯೋಕೆ ಇವನನ್ನ ಬಿಟ್ಟಿದ್ವಿ." ಮೇಷ್ಟ್ರ ಬೆರಳು ಮೈಕಣ್ಣನ ಕಡೆ ತಿರುಗಿತು. "ಎರಡು ತಿಂಗಳ ಕೆಲಸ!"

"ಅಯ್ಯಯ್ಯೋ!" ಕೊಡೆಯಾಕೆ ಅಡ್ಡ ಬಂದಳು. "ಹಾರಿಹೋಗಿದ್ದನ್ನ ನನ್ನ ಕಣ್ಣಾರೆ ನೋಡಿದೀನಿ. ಆ ಗೂಬೆನ ತಂದು ಈ ಅಣ್ಣನ ತಲೆ ಮೇಲೆ ಕೂರಿಸ್ತಿದ್ದೀರಲ್ರೀ!"

"ನೀವು ಸಂಘದ ಸದಸ್ಯರಲ್ಲ" ಎಂದರು ಡಾಕ್ಟರಮ್ಮ, ಹಲ್ಲು ಕೀಳುವಾಗಿನ ಮೃದುತ್ವದಲ್ಲಿ.

ಮೇಡಂ ನಿಟ್ಟುಸಿರಿಟ್ಟರು. "ಹೋಗ್ಲಿ ಬಿಡಿ. ಮಾಡಿದ ಕೈ ಇದೆಯಲ್ಲ, ಇನ್ನೊಂದು ಮಾಡಿಕೊಡಿ. ಥೇಟ್ ಅದರ ಹಾಗೇ ಇರ್ಬೇಕು." ಬುಟ್ಟಿಯನ್ನು ಅಲ್ಲೇ ಇಟ್ಟು ಹೋದರು.

ಖಾಲಿ ಬುಟ್ಟಿಯ ಸುತ್ತ ಮೂವರೂ ನಿಂತಿದ್ದರು. ಮೇಷ್ಟ್ರು ಮೈಕಣ್ಣನ ತೋಳು ಹಿಡಿದು ಮಳಿಗೆಯ ಹಿಂದಕ್ಕೆ ಕರೆದೊಯ್ದರು.

"ಮಣ್ಣು ನಾನು ಕೊಡ್ತೀನಿ, ಬಣ್ಣ ಡಾಕ್ಟರಮ್ಮ ಕೊಡ್ತಾರೆ. ಆ ಗೂಬೆ ನೀನು ಮಾಡು. ಭಾನುವಾರ ಹೇಗೂ ಇನ್ಮೇಲೆ ನಿಂಗೆ ಬಿಡುವು."

"ನಾನಾ? ಮಣ್ಣು ಮುಟ್ಟಿ ಗೊತ್ತಿಲ್ಲ ಮೇಷ್ಟ್ರೇ! ನನ್ನ ಕೈಲಿ ಹೇಗೆ ಆಗುತ್ತೆ?"

ಮೇಷ್ಟ್ರು ಅತ್ತಿತ್ತ ನೋಡಿ, ಅವನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು.

"ಯಾಕಾಗಲ್ಲ? ಅದನ್ನ ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದವನು ನಮ್ಮ ಸಂಘದಲ್ಲಿ ನೀನೊಬ್ಬನೇ ಕಣಯ್ಯ."