ಇನ್ನೂರ ಎಂಬತ್ತೊಂಬತ್ತು ವರ್ಷ ಬದುಕಿದ ಆಂಬ್ರೋಸ್ ಟಕ್

ಸೋಡರ್ಬಿ ಪಟ್ಟಣದಲ್ಲಿ 1594 ಮತ್ತು 1883ರ ನಡುವೆ ಆಂಬ್ರೋಸ್ ಟಕ್ ಎಂಬ ಹೆಸರಿನ ಐದು ಮಂದಿ ಹುಟ್ಟಿ, ಬದುಕಿ, ಸತ್ತಿದ್ದಾರೆ. ಕಳೆದ ವರ್ಷ ಮಾರ್ಚ್ ಹನ್ನೊಂದರಂದು ಸೇರಿದ ಪುರಸಭೆ ಅವರನ್ನು ಸರ್ವಾನುಮತದಿಂದ ಒಬ್ಬರನ್ನಾಗಿ ಮಾಡಿತು. ಆ ಸಭೆಯ ನಡಾವಳಿ ಬರೆದವನು ನಾನೇ ಆದ್ದರಿಂದ ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ನನ್ನ ಹೆಸರು ಕ್ಲಾರೆನ್ಸ್ ಬಿಬ್ಬಿ, ಇಪ್ಪತ್ತಾರು ವರ್ಷದಿಂದ ಇಲ್ಲಿ ಗುಮಾಸ್ತ. ನಮ್ಮಲ್ಲಿ ನಡೆದದ್ದೆಲ್ಲ ನಡಾವಳಿಗೆ ಬರುವುದಿಲ್ಲ, ಆದರೆ ನಡಾವಳಿಗೆ ಬಂದದ್ದೆಲ್ಲ ನಡೆದೇ ಇರುತ್ತದೆ.

ಇದಕ್ಕೆಲ್ಲ ಕಾರಣ ಹೆದ್ದಾರಿಯ ಕಂದು ಫಲಕ. ನೋಡತಕ್ಕ ಸ್ಥಳ ಇಲ್ಲಿದೆ ಎಂದು ಬಾಣದ ಗುರುತು ಹಾಕಿ ಸರ್ಕಾರ ನೆಡಿಸುವ ಫಲಕ ಅದು. ಪಕ್ಕದ ಹ್ಯಾಕ್ಸ್‌ಲಿಗೆ ಅದು ಸಿಕ್ಕಿದೆ. ಅಲ್ಲಿ ಯಾವನೋ ಕವಿ ಎರಡು ದಿನ ಜ್ವರ ಬಂದು ಮಲಗಿದ್ದನಂತೆ. ಅಷ್ಟಕ್ಕೇ ಬಸ್ಸುಗಟ್ಟಲೆ ಜನ ಬರುತ್ತಾರೆ, ಚಹಾ ಕುಡಿಯುತ್ತಾರೆ, ಜ್ವರದ ಹಾಸಿಗೆಯ ಚಿತ್ರವಿರುವ ಬಟ್ಟಲು ಕೊಂಡು ಹೋಗುತ್ತಾರೆ. ನಮ್ಮೂರಿನಲ್ಲಿ ಜ್ವರ ಬಂದು ಮಲಗಿದವರು ಬೇಕಾದಷ್ಟಿದ್ದಾರೆ. ಆದರೆ ಅವರಲ್ಲಿ ಯಾರೂ ಕವಿಗಳಲ್ಲ, ಹೆಚ್ಚಿನವರು ಏಳಲೂ ಇಲ್ಲ.

ಹ್ಯಾಕ್ಸ್‌ಲಿಗೆ ಕೊಟ್ಟು ಕೈ ಸುಟ್ಟುಕೊಂಡ ಜಿಲ್ಲಾ ರಸ್ತೆ ಇಲಾಖೆ ಆಮೇಲೆ ಹದಿನಾಲ್ಕನೇ ನಿಯಮ ತಂದಿತು. ಫಲಕ ಬೇಕಾದ ಊರಿನಲ್ಲಿ ಒಬ್ಬ ಮಹಾಪುರುಷ ಹುಟ್ಟಿರತಕ್ಕದ್ದು, ಆತ ಕನಿಷ್ಠ ನಾಲ್ಕು ಕ್ಷೇತ್ರಗಳಲ್ಲಿ ಸಾಧನೆ ಮಾಡಿರತಕ್ಕದ್ದು ಎಂಬುದು ಅದರ ಸಾರ. ನಮ್ಮ ಹತ್ತಿರ ಒಂದೊಂದು ಕ್ಷೇತ್ರದಲ್ಲಿ ಒಂದಿಷ್ಟು ಮಾಡಿದವರು ಇದ್ದರು, ಅಷ್ಟೆ. ಪುಣ್ಯಕ್ಕೆ ಅವರೆಲ್ಲರ ಹೆಸರೂ ಒಂದೇ ಆಗಿತ್ತು.

ಮೊದಲನೆಯ ಆಂಬ್ರೋಸ್ ಟಕ್ ಪಾದ್ರಿ. ಅರಸ ಬದಲಾದಾಗಲೆಲ್ಲ ಅವರಿಗೆ ಹೊಸ ದೇವವಾಣಿ ಕೇಳಿಸುತ್ತಿತ್ತು, ಹೀಗಾಗಿ ನಲವತ್ತು ವರ್ಷ ಒಂದೇ ಪೀಠದಲ್ಲಿ ಅಲುಗಾಡದೆ ಕೂತರು. ಎರಡನೆಯವರು ನೌಕಾಪಡೆಯ ಲೆಫ್ಟಿನೆಂಟ್. ಹನ್ನೊಂದು ತಿಂಗಳು ಸಮುದ್ರದಲ್ಲಿ ಅಲೆದು ಒಂದು ದ್ವೀಪ ಕಂಡುಹಿಡಿದು ಅದಕ್ಕೆ ತಮ್ಮದೇ ಹೆಸರಿಟ್ಟರು. ಅದು ಅವರು ಹೊರಟು ಬಂದ ದ್ವೀಪದ್ದೇ ಹಿಂಬದಿ ಎಂದು ಅಲ್ಲಿನ ಬೆಸ್ತರು ಹೇಳಿದಾಗ ಅವರು ಒಪ್ಪಲಿಲ್ಲ. ಐದನೆಯವರು ಯಂತ್ರಶಿಲ್ಪಿ, ಬ್ರೆಡ್ಡಿಗೆ ಬೆಣ್ಣೆ ಸವರುವ ಉಗಿಯಂತ್ರ ಮಾಡಿದರು. ಅದು ಪ್ರದರ್ಶನದ ದಿನ ಮೇಯರ್ ಪತ್ನಿಗೂ ಬೆಣ್ಣೆ ಸವರಿತು. ನಡುವಿನ ಇಬ್ಬರು ಒಂದೇ ಕಾಲದವರು, ಅವರ ಕಥೆಯನ್ನು ಬೇರೆ ಬೇರೆ ಹೇಳುವಂತಿಲ್ಲ.

ಮೂರನೆಯ ಆಂಬ್ರೋಸ್ ಟಕ್ ಮೇಲಿನ ಬೀದಿಯ ಜಮೀನ್ದಾರರು, ಮ್ಯಾಜಿಸ್ಟ್ರೇಟರು. ನಾಲ್ಕನೆಯವನು ಕಾಲುವೆ ತೋಡುವ ಕೂಲಿಯಾಳು. 1786ರಲ್ಲಿ ಜಮೀನ್ದಾರರ ಒಂದು ಕುರಿ ಕಾಣೆಯಾಯಿತು. ಕೂಲಿಯಾಳೇ ಕದ್ದನೆಂದು ದೂರು ಕೊಟ್ಟವರು ಜಮೀನ್ದಾರರು, ಸಾಕ್ಷಿ ಹೇಳಿದವರು ಅವರೇ, ಹಿಡಿಸಿ ದೊಡ್ಡ ನ್ಯಾಯಾಲಯಕ್ಕೆ ಒಪ್ಪಿಸಿದವರೂ ಅವರೇ. ಇಪ್ಪತ್ತೆಂಟು ವರ್ಷದ ಕೂಲಿಯಾಳನ್ನು ಜಿಲ್ಲಾ ಕೇಂದ್ರದಲ್ಲಿ ಗಲ್ಲಿಗೇರಿಸಿದರು. ಮೂರು ವಾರ ಬಿಟ್ಟು ಜಮೀನ್ದಾರರು ತಮ್ಮ ದಿನಚರಿಯಲ್ಲಿ ಬರೆದರು: “ಬೆಳಗ್ಗೆ ಮೋಡ. ಕುರಿ ತಾನಾಗಿ ಮನೆಗೆ ಬಂತು. ಉಣ್ಣೆ ಕತ್ತರಿಸಲಾಯಿತು.”

ಈ ಸಾಲನ್ನು ಹತ್ತೊಂಬತ್ತು ವರ್ಷದ ಹಿಂದೆ ಜಿಲ್ಲಾ ದಾಖಲೆ ಕೋಣೆಯಲ್ಲಿ ಹುಡುಕಿ ತೆಗೆದವರು ಹೆಸ್ಟರ್ ಟಕ್, ಕೂಲಿಯಾಳಿನ ಮೊಮ್ಮಗನ ಮರಿಮೊಮ್ಮಗಳು. ಈಗ ಎಂಬತ್ತೊಂದು ವಯಸ್ಸು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಆಲೂಗಡ್ಡೆ ಬೇಯಿಸಿದವರು. ಅವರ ಮನೆತನವನ್ನು ಊರು ಇವತ್ತಿಗೂ ಕುರಿಕಳ್ಳ ಟಕ್ ಎಂದೇ ಕರೆಯುತ್ತದೆ. ಕೆಟ್ಟ ಮನಸ್ಸಿನಿಂದಲ್ಲ, ಗುರುತಿಗೆ. ತಾವು ಸಾಯುವುದರೊಳಗೆ ಆ ಕೂಲಿಯಾಳು ನಿರಪರಾಧಿ ಎಂದು ಸರ್ಕಾರ ಬರೆದು ಕೊಡಬೇಕು ಎಂಬುದೊಂದೇ ಅವರ ಆಸೆ. ಲಂಡನ್ನಿನ ಕ್ಷಮಾದಾನ ಶಾಖೆ ದಿನಚರಿಯನ್ನು ಒಪ್ಪಿಕೊಂಡು ಒಂದೇ ಒಂದು ಕಾಗದ ಕೇಳಿತ್ತು. ದೂರುದಾರನ ಹೆಸರೂ ಅಪರಾಧಿಯ ಹೆಸರೂ ಒಂದೇ ಇರುವುದರಿಂದ, ಇವರು ಬೇರೆ ಬೇರೆ ಮನುಷ್ಯರು ಎಂದು ಸ್ಥಳೀಯ ಪುರಸಭೆ ದೃಢೀಕರಿಸತಕ್ಕದ್ದು.

ಹೆಸ್ಟರ್ ಅವರು ಆ ಕಾಗದಕ್ಕಾಗಿ ನಾಲ್ಕು ವರ್ಷ ನನ್ನ ಮೇಜಿನ ಮುಂದೆ ನಿಂತರು. ಕಡತ ಪ್ರತಿ ಸಲವೂ ಅಧ್ಯಕ್ಷರ ಬಳಿ ಹೋಗಿ ಪರಿಶೀಲನೆಯಲ್ಲಿದೆ ಎಂಬ ಷರಾದೊಂದಿಗೆ ವಾಪಸಾಗುತ್ತಿತ್ತು. ನಮ್ಮ ಅಧ್ಯಕ್ಷೆ ಲವೀನಿಯಾ ಟಕ್, ವಯಸ್ಸು ಅರವತ್ತನಾಲ್ಕು, ಮ್ಯಾಜಿಸ್ಟ್ರೇಟರ ನೇರ ವಂಶಸ್ಥೆ. ತಮ್ಮ ಪೂರ್ವಜರು ಒಬ್ಬ ನಿರಪರಾಧಿಯನ್ನು ಕೊಲ್ಲಿಸಿದರು ಎಂಬ ಕಾಗದಕ್ಕೆ ಸಹಿ ಹಾಕಲು ಅವರಿಗೆ ಪುರುಸೊತ್ತಾಗಿರಲಿಲ್ಲ.

ಮಾರ್ಚ್ ಹನ್ನೊಂದರಂದು ಲವೀನಿಯಾ ಅವರು ಐವರನ್ನೂ ಒಂದುಗೂಡಿಸುವ ಠರಾವು ಮಂಡಿಸಿದರು. ಹಾಗೆ ಕೂಡಿಸಿದ ಮೇಲೆ ಮಹಾಪುರುಷ 1594ರಲ್ಲಿ ಹುಟ್ಟಿ 1883ರಲ್ಲಿ ತೀರಿಕೊಂಡರು, ಧರ್ಮ, ಸಾಗರ ಮತ್ತು ಯಂತ್ರಗಳಲ್ಲಿ ಹೆಸರು ಮಾಡಿದರು. ಕುರಿಯ ವಿಷಯವನ್ನು ಏನು ಮಾಡುವುದೆಂದು ಸದಸ್ಯರೊಬ್ಬರು ಕೇಳಿದರು. ಅಧ್ಯಕ್ಷರು ಅದಕ್ಕೂ ತಯಾರಾಗಿದ್ದರು. ಮಹಾಪುರುಷರು ತಮ್ಮದೇ ಕುರಿಯನ್ನು ತಾವೇ ಕದ್ದು, ತಮ್ಮ ಮೇಲೆ ತಾವೇ ದೂರು ಕೊಟ್ಟು, ತಮ್ಮ ವಿರುದ್ಧ ತಾವೇ ಸಾಕ್ಷಿ ನುಡಿದು ಗಲ್ಲಿಗೇರಿದ್ದಾರೆ, ಇಂಥ ನ್ಯಾಯನಿಷ್ಠೆ ಈಗಿನ ಸಾರ್ವಜನಿಕ ಜೀವನದಲ್ಲಿ ಎಲ್ಲಿದೆ ಎಂದರು. ಸದಸ್ಯರು ಮೇಜು ತಟ್ಟಿದರು. ನ್ಯಾಯನಿಷ್ಠೆಯನ್ನು ನಾಲ್ಕನೇ ಕ್ಷೇತ್ರವಾಗಿ ನಮೂದಿಸಲಾಯಿತು.

ಪರಿಶೀಲನೆಗೆ ಬಂದ ರಸ್ತೆ ಇಲಾಖೆಯ ಕಥ್‌ಬರ್ಟ್ ಪ್ರಿಂಗ್ ಬಹಳ ಕಟ್ಟುನಿಟ್ಟಿನ ಅಧಿಕಾರಿ. ಇನ್ನೂರ ಎಂಬತ್ತೊಂಬತ್ತು ವರ್ಷದ ಆಯಸ್ಸು ಸ್ವಲ್ಪ ಜಾಸ್ತಿಯಾಯಿತಲ್ಲವೇ ಎಂದು ಅವರು ಕೇಳಿದರು. ಆ ಕಾಲದ ಗಾಳಿ ಶುದ್ಧವಾಗಿತ್ತು ಎಂದು ಅಧ್ಯಕ್ಷರು ವಿವರಿಸಿದರು. ಪ್ರಿಂಗ್ ಬರೆದುಕೊಂಡರು.

“1786ರಲ್ಲಿ ಗಲ್ಲಾಯ್ತು ಅಂತಿದೆ,” ಎಂದರು ಪ್ರಿಂಗ್. “ಬೆಣ್ಣೆ ಯಂತ್ರ ಮಾತ್ರ 1851ರದ್ದು.”

“ಗಲ್ಲಾದ ಮೇಲೇ ಅವ್ರ ತಲೆ ಚುರುಕಾಗಿದ್ದು,” ಎಂದರು ಲವೀನಿಯಾ.

“ನಡಾವಳೀಲಿ ಇದ್ಯಾ ಇದು?”

ಇದೆ ಎಂದು ನಾನು ಪುಟ ತೆಗೆದು ತೋರಿಸಿದೆ. ಪ್ರಿಂಗ್ ಮುಖ ಅರಳಿತು. ನಡಾವಳಿಯಲ್ಲಿದ್ದರೆ ತಮ್ಮದೇನೂ ಅಭ್ಯಂತರವಿಲ್ಲ ಎಂದು ಹೇಳಿ ಎರಡು ಬಿಸ್ಕತ್ತು ತಿಂದು ಸಹಿ ಹಾಕಿದರು. ಮೇ ತಿಂಗಳಲ್ಲಿ ಕಂದು ಫಲಕ ಬಂತು, ಅದರ ಹಿಂದೆಯೇ ಟಕ್ ಚಹಾ ಮನೆ, ಟಕ್ ಬೆಣ್ಣೆ, ಪಾದ್ರಿಯ ನಿಲುವಂಗಿಯ ಮೇಲೆ ನೌಕಾಪಡೆಯ ಟೋಪಿ ತೊಟ್ಟ ಟಕ್ ಚಿತ್ರದ ಬಟ್ಟಲು ಬಂದವು. ಪುರಸಭೆ ಸಾರ್ವಜನಿಕರಿಗೆ ಪ್ರಕಟಣೆ ಹೊರಡಿಸಿತು: “ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಆಂಬ್ರೋಸ್ ಟಕ್ ಅವರ ಕುರಿತು ಮಾತಾಡುವಾಗ ಬಹುವಚನ ಬಳಸತಕ್ಕದ್ದಲ್ಲ. ಗೌರವಾರ್ಥ ಬಹುವಚನಕ್ಕೆ ವಿನಾಯಿತಿ ಇದೆ.”

ಹೆಸ್ಟರ್ ಅವರ ಅರ್ಜಿ ಮಾರ್ಚ್ ಠರಾವಿನ ಬೆನ್ನಿಗೇ ತಿರಸ್ಕೃತವಾಗಿತ್ತು. ಷರಾ ಬರೆದದ್ದು ನನ್ನ ಕೈಯೇ. ತನ್ನನ್ನು ತಾನೇ ಗಲ್ಲಿಗೇರಿಸಿಕೊಂಡ ವ್ಯಕ್ತಿಗೆ ಇನ್ನೊಬ್ಬರಿಂದ ಅನ್ಯಾಯವಾಗಿದೆ ಎಂದು ಭಾವಿಸಲು ಕಾರಣವಿಲ್ಲ, ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ನಿಯಮದ ಪ್ರಕಾರ ಷರಾ ಸರಿಯಾಗಿತ್ತು. ಹೆಸ್ಟರ್ ಅದನ್ನು ನನ್ನೆದುರಿಗೇ ಓದಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

“ಅವ್ನಿಗೆ ಇಬ್ರು ಮಕ್ಳಿದ್ರಪ್ಪಾ ಕ್ಲಾರೆನ್ಸ್,” ಎಂದರು. “ಚಿಕ್ಕದು ಇನ್ನೂ ತೊಟ್ಲಲ್ಲಿತ್ತು. ಅದನ್ನೂ ಜಮೀನ್ದಾರ್ರ ಮಗು ಅಂತ ಬರ್ಕೊಂಡ್ರಾ ಈಗ?”

ಸಂತಾನದ ಬಗ್ಗೆ ಠರಾವಿನಲ್ಲಿ ಏನೂ ಹೇಳಿಲ್ಲ ಎಂದೆ. ಅವರು ಷರಾವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡು ಹೋದರು. ಅವತ್ತು ನನಗೆ ಊಟ ಸೇರಲಿಲ್ಲ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇದು ಎರಡನೇ ಸಲ. ಮೊದಲನೆಯದಕ್ಕೆ ಹಳಸಿದ ಮೀನು ಕಾರಣ.

ಸೆಪ್ಟೆಂಬರ್ ಸಭೆಗೆ ಹೆಸ್ಟರ್ ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ಊರಿನವರಿಗೆ ಮಾತಾಡಲು ಅವಕಾಶವಿರುವುದು ಕಾರ್ಯಸೂಚಿಯ ಕೊನೆಯ ಅಂಶದಲ್ಲಿ, ಅಂದರೆ ಇತರ ವಿಷಯಗಳಲ್ಲಿ ಮಾತ್ರ. ಅಷ್ಟು ಹೊತ್ತಿಗೆ ಸದಸ್ಯರೆಲ್ಲ ಎದ್ದು ನಿಂತು ಒಂದು ತೋಳನ್ನು ಕೋಟಿನೊಳಗೆ ತೂರಿಸಿರುತ್ತಾರೆ. ಆ ಭಂಗಿಯಲ್ಲಿ ನಮ್ಮ ಪುರಸಭೆ ಯಾವುದನ್ನೂ ಬೇಡವೆಂದದ್ದಿಲ್ಲ, ಬೇಡವೆಂದರೆ ಚರ್ಚೆಯಾಗುತ್ತದೆ, ಚರ್ಚೆಯಾದರೆ ಮತ್ತೆ ಕೂರಬೇಕಾಗುತ್ತದೆ.

ಹೆಸ್ಟರ್ ಎದ್ದು, ಸಭಾಂಗಣದ ಗೋಡೆಯ ಮೇಲೆ ಗಾಜು ಹಾಕಿ ತೂಗುಬಿಟ್ಟಿರುವ ಮ್ಯಾಜಿಸ್ಟ್ರೇಟರ ಉಯಿಲನ್ನು ಒಮ್ಮೆ ಓದಿ ಹೇಳಬೇಕೆಂದು ನನ್ನನ್ನು ಕೇಳಿದರು. ನಾನು ಓದಿದೆ. ಚರ್ಚಿನ ಹಿಂದಿನ ದೊಡ್ಡ ಹುಲ್ಲುಗಾವಲು ಆಂಬ್ರೋಸ್ ಟಕ್ ಆದ ನನ್ನ ವಂಶದಲ್ಲಿ ಆಯಾ ಕಾಲಕ್ಕೆ ಬದುಕಿರುವ ಅತಿ ಹಿರಿಯರಿಗೆ ಸೇರತಕ್ಕದ್ದು ಎಂದಿತ್ತು. ಆ ಹುಲ್ಲುಗಾವಲು ಆಗ ಲವೀನಿಯಾ ಅವರ ಕೈಯಲ್ಲಿತ್ತು. ಫಲಕ ನೋಡಿ ಬರುವ ಬಸ್ಸುಗಳೆಲ್ಲ ಅಲ್ಲಿಯೇ ನಿಲ್ಲುತ್ತಿದ್ದವು, ನಿಲ್ಲುವುದಕ್ಕೆ ಅವರು ಏನು ತೆಗೆದುಕೊಳ್ಳುತ್ತಿದ್ದರೆಂದು ಪುರಸಭೆ ಕೇಳಿರಲಿಲ್ಲ.

“ನಾನು ಆಂಬ್ರೋಸ್ ಟಕ್ ವಂಶದೋಳು,” ಎಂದರು ಹೆಸ್ಟರ್. “ಒಬ್ನೇ ಆಂಬ್ರೋಸ್ ಟಕ್ ಇದ್ದಿದ್ದು ಅಂತ ನೀವೇ ಬೋರ್ಡ್ ಹಾಕಿಸಿದೀರ. ಲವೀನಿಯಾ ಅವರಿಗೆ ಅರವತ್ತನಾಲ್ಕು, ನಂಗೆ ಎಂಬತ್ತೊಂದು. ಹುಲ್ಲುಗಾವಲಿನ ಬೀಗದ ಕೈ ಸೋಮವಾರ ಕೊಟ್ರೂ ಸಾಕು.”

ಸದಸ್ಯರ ತೋಳುಗಳು ಕೋಟಿನಲ್ಲಿ ಅರ್ಧಕ್ಕೇ ನಿಂತವು. ಲವೀನಿಯಾ ಅವರ ಮುಖ ಮೊದಲು ಕೆಂಪಾಗಿ ಆಮೇಲೆ ಸುಣ್ಣವಾಯಿತು.

“ಹೆಸ್ಟರ್ ಅವರೇ, ನಿಮ್ಮೋನು ಕಾಲುವೆ ತೋಡ್ತಿದ್ದೋನು,” ಎಂದರು. “ನಮ್ಮ ಮುತ್ತಾತನಿಗೂ ಅವನಿಗೂ ಏನ್ರೀ ಸಂಬಂಧ?”

“ಹಾಗಂತ ಬರ್ಕೊಡ್ತೀರಾ?” ಎಂದರು ಹೆಸ್ಟರ್.

ಬರೆದುಕೊಡುವುದೇನು, ಈಗಲೇ ಠರಾವು ಮಾಡೋಣ ಎಂದು ಲವೀನಿಯಾ ಅವರು ನಿಂತಲ್ಲಿಯೇ ಹೇಳಿ ಬರೆಸಿದರು. ಅದರ ಪ್ರಕಾರ ಆಂಬ್ರೋಸ್ ಟಕ್ ಅವರು ಫಲಕ, ಚಹಾ, ಬಟ್ಟಲು ಮತ್ತು ಗೌರವಕ್ಕೆ ಸಂಬಂಧಿಸಿದಂತೆ ಒಬ್ಬರು, ಸ್ಥಿರಾಸ್ತಿಗೆ ಸಂಬಂಧಿಸಿದಂತೆ ಐವರು. ಇವರಲ್ಲಿ 1786ರಲ್ಲಿ ಗಲ್ಲಿಗೇರಿದ ಕೂಲಿಯಾಳು ಆಂಬ್ರೋಸ್ ಟಕ್ ಎಂಬಾತ ಸಂಪೂರ್ಣ ಬೇರೆ ಮನುಷ್ಯ, ಆತನಿಗೆ ಮ್ಯಾಜಿಸ್ಟ್ರೇಟರೊಂದಿಗೆ ರಕ್ತಸಂಬಂಧವಾಗಲೀ ಆಸ್ತಿಯಲ್ಲಿ ಪಾಲಾಗಲೀ ಇರುವುದಿಲ್ಲ. ಸಂಪೂರ್ಣ ಎಂಬ ಪದದ ಕೆಳಗೆ ಗೆರೆ ಎಳೆಯಲು ಅವರೇ ಹೇಳಿದರು. ಎಲ್ಲರೂ ಕೋಟು ತೊಟ್ಟ ಕೈ ಎತ್ತಿದರು.

ಅಧ್ಯಕ್ಷರು ಹುಲ್ಲುಗಾವಲು ಉಳಿದ ಖುಷಿಯಲ್ಲಿ ಹೊರಟರು. ಹೆಸ್ಟರ್ ಕದಲಲಿಲ್ಲ. ಅದರ ದೃಢೀಕೃತ ನಕಲು ಬೇಕು ಎಂದರು. ಆಗ ನನಗೆ ತಿಳಿಯಿತು. ಅವರಿಗೆ ಹುಲ್ಲುಗಾವಲು ಬೇಕಾಗಿರಲಿಲ್ಲ. ನಾಲ್ಕು ವರ್ಷ ನನ್ನ ಮೇಜಿನ ಮುಂದೆ ನಿಂತು ಕೇಳಿದ ಕಾಗದವನ್ನು ಅವರು ಅಧ್ಯಕ್ಷರ ಬಾಯಿಂದಲೇ ಬರೆಸಿಕೊಂಡಿದ್ದರು, ಗೆರೆ ಸಮೇತ.

ನಕಲು ಕೊಡಲು ಹತ್ತು ಕೆಲಸದ ದಿನಗಳ ಅವಧಿ ಇದೆ. ಅಷ್ಟರಲ್ಲಿ ಅಧ್ಯಕ್ಷರಿಗೆ ವಿಷಯ ಹೊಳೆದರೆ ಕಡತ ಮತ್ತೆ ಪರಿಶೀಲನೆಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ನಾನು ಹನ್ನೊಂದು ನಿಮಿಷದಲ್ಲಿ ಕೊಟ್ಟೆ. ಮೊಹರನ್ನು ಎರಡು ಸಲ ಒತ್ತಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸೇವೆಯಲ್ಲಿ ನಾನು ಮಾಡಿದ ಒಂದೇ ಅಕ್ರಮ ಇದು, ಮತ್ತು ಮಾಡಿ ನನಗೆ ತುಂಬ ಸಂತೋಷವಾಯಿತು.

ಲಂಡನ್ನಿನ ಉತ್ತರ ಫೆಬ್ರವರಿಯಲ್ಲಿ ಬಂತು. ಹೆಸ್ಟರ್ ಲಕೋಟೆಯನ್ನು ಒಡೆಯದೆ ಕಚೇರಿಗೇ ತಂದು ನನ್ನ ಕೈಗೆ ಕೊಟ್ಟರು. ಕನ್ನಡಕವನ್ನು ಮನೆಯಲ್ಲಿಯೇ ಬಿಟ್ಟು ಬಂದಿದ್ದೇನೆ ಎಂದರು, ಆದರೆ ಕನ್ನಡಕ ಅವರ ಕೊರಳಲ್ಲಿತ್ತು. ಸೋಡರ್ಬಿಯ ಕೂಲಿಯಾಳು ಆಂಬ್ರೋಸ್ ಟಕ್ ಎಂಬವನು ನಿರಪರಾಧಿ ಎಂದು ನಾನು ಗಟ್ಟಿಯಾಗಿ ಓದಿದೆ. ಇನ್ನೊಂದು ಸಲ ಓದಪ್ಪಾ ಎಂದರು. ಮೂರು ಸಲ ಓದಿದೆ.

ಏಪ್ರಿಲ್‌ನ ವಾರ್ಷಿಕ ಊರಸಭೆಯಲ್ಲಿ ಮತದಾರರೆಲ್ಲರೂ ಕೈ ಎತ್ತಬಹುದು. ಲವೀನಿಯಾ ಅವರು ಎದ್ದು ನಿಂತು, ನಮ್ಮ ಮಹಾಪುರುಷ ಆಂಬ್ರೋಸ್ ಟಕ್ ಅವರಿಗೆ ಸರ್ಕಾರದ ಕ್ಷಮಾದಾನ ದೊರೆತಿರುವುದು ಇಡೀ ಊರಿಗೆ ಹೆಮ್ಮೆಯ ವಿಷಯ ಎಂದರು. ಇದನ್ನು ಅವರ ಐದನೇ ಸಾಧನೆಯೆಂದು ಘೋಷಿಸಿ, ಬಟ್ಟಲಿನ ಮೇಲೆ ಹಾಕಿಸಿ, ಮಹಾಪುರುಷರಿಗೆ ಅಭಿನಂದನಾ ಪತ್ರ ಕಳಿಸಬೇಕೆಂದು ಸೂಚಿಸಿದರು. ಸಾಲು ಸಾಲು ಕೈಗಳು ಎದ್ದವು. ಹೆಸ್ಟರ್ ಅವರ ಕೈಯೂ ಎದ್ದಿತ್ತು. ಸಭೆ ಮುಗಿದ ಮೇಲೆ ಯಾಕೆಂದು ಕೇಳಿದೆ.

“ಅವ್ರ ಟಕ್ ಎಷ್ಟು ಜನ ಬೇಕಾದ್ರೂ ಆಗ್ಲಿ ಬಿಡಪ್ಪಾ,” ಎಂದರು. “ನನ್ನೋನು ಒಬ್ನೇ ಇದ್ದ. ಅವ್ನ ಕಾಗ್ದ ನನ್ನ ಹತ್ರ ಇದೆ.”

ನಾನು ಸರ್ವಾನುಮತ ಎಂದು ಬರೆದುಕೊಂಡೆ. ಗೌರವದ ವಿಷಯದಲ್ಲಿ ಮಹಾಪುರುಷರು ಒಬ್ಬರೇ ಆದರೂ, ಮುಂದೆ ತಕರಾರು ಬರಬಾರದೆಂದು ಅಭಿನಂದನಾ ಪತ್ರದ ಐದು ಪ್ರತಿ ತಯಾರಿಸಿದೆ. ಕೂಲಿಯಾಳಿನ ಪ್ರತಿಯನ್ನು ಹೆಸ್ಟರ್ ಟಕ್ ಅವರು ಸಹಿ ಹಾಕಿ ಪಡೆದುಕೊಂಡರು. ಉಳಿದ ನಾಲ್ಕು ಕಚೇರಿಯಲ್ಲಿವೆ. ಸಂಬಂಧಪಟ್ಟ ಶ್ರೀ ಆಂಬ್ರೋಸ್ ಟಕ್ ಅವರು ಕೆಲಸದ ದಿನಗಳಲ್ಲಿ ಹತ್ತರಿಂದ ನಾಲ್ಕರೊಳಗೆ ಖುದ್ದಾಗಿ ಬಂದು ಪಡೆಯತಕ್ಕದ್ದು.